ಗುಲಾಬಿಗೆ ವಿಮಾನದ ಬಾಡಿಗೆ ಗಿಟ್ಟುತ್ತದಾ?

ಪ್ರಶ್ನೆ: ಪ್ರೇಮಿಗಳ ದಿನ ಹತ್ತಿರ ಬಂತೆಂದರೆ ನಮ್ಮ ಕಡೆಯ ಪಾಲಿಹೌಸ್ ಗುಲಾಬಿ ವಿಮಾನ ಹತ್ತಿ ಹೊರದೇಶಕ್ಕೆ ಹೋಗುತ್ತದೆ. ಮೊಬೈಲು, ಔಷಧಿ ಆದರೆ ಸರಿ. ಹೂವಿಗೆ ಅಷ್ಟು ಬಾಡಿಗೆ ಕೊಟ್ಟರೆ ಏನು ಉಳಿಯುತ್ತದೆ? ಈ ವಿಮಾನದ ಸರಕು ಸಾಗಣೆ ನಿಂತರೆ ಲೋಕಕ್ಕೆ ಅಷ್ಟೇನು ನಷ್ಟ?
– ಓದುಗರೊಬ್ಬರು, ದೊಡ್ಡಬಳ್ಳಾಪುರ

ಉತ್ತರ: ಕೊನೆಯ ಪ್ರಶ್ನೆಯಿಂದಲೇ ಶುರು ಮಾಡೋಣ, ಯಾಕೆಂದರೆ ಅದು ಒಮ್ಮೆ ನಡೆದೇ ಹೋಗಿದೆ. 2010ರ ಏಪ್ರಿಲ್‌ನಲ್ಲಿ ಐಸ್‌ಲ್ಯಾಂಡಿನ ಜ್ವಾಲಾಮುಖಿ ಸಿಡಿದು, ಬೂದಿ ಹರಡಿ, ಯುರೋಪಿನ ಬಹುಪಾಲು ವಿಮಾನಗಳು ಸುಮಾರು ಆರು ದಿನ ಹಾರಲಿಲ್ಲ. ಜೋರು ಪೆಟ್ಟು ಬಿದ್ದದ್ದು ಎಲ್ಲೋ ದೂರದ ಕೀನ್ಯಾಕ್ಕೆ. ಅಲ್ಲಿ ನೈವಾಶಾ ಸರೋವರದ ಸುತ್ತ ಬೆಳೆಯುವ ಗುಲಾಬಿ ತಂಪು ಲಾರಿಯಲ್ಲಿ ನೈರೋಬಿಗೆ ಬಂದು, ವಿಮಾನ ಹತ್ತಿ, ನೆದರ್‌ಲ್ಯಾಂಡ್ಸ್‌ನ ಆಲ್ಸ್‌ಮೀರ್ ಹರಾಜಿಗೆ ಹೋಗುತ್ತದೆ. ವಿಮಾನ ನಿಂತಿತು, ಕೋಲ್ಡ್ ಸ್ಟೋರೇಜ್ ತುಂಬಿತು, ಮಿಕ್ಕ ಹೂವು ತಿಪ್ಪೆ ಸೇರಿತು. ಕೊಯ್ದು ಕಟ್ಟುವ ಸಾವಿರಾರು ಕೂಲಿಯವರನ್ನು ಕೆಲಸಕ್ಕೆ ಬರಬೇಡಿ ಎಂದು ಮನೆಗೆ ಕಳಿಸಿದರು. ವಿಮಾನದ ಸರಕು ದೊಡ್ಡವರ ವ್ಯವಹಾರ ಎನ್ನುವವರು ಈ ಕೂಲಿಯವರನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ, ಅದು ನನಗೆ ಬೇಸರದ ಸಂಗತಿ.

ತೂಕದಲ್ಲಿ ನೋಡಿದರೆ ಲೋಕದ ವ್ಯಾಪಾರದಲ್ಲಿ ವಿಮಾನದ ಪಾಲು ಶೇ. 1ಕ್ಕಿಂತ ಕಡಿಮೆ. ಬೆಲೆಯಲ್ಲಿ ಸುಮಾರು ಮೂರನೇ ಒಂದು ಭಾಗ! ಕಂಪ್ಯೂಟರ್ ಚಿಪ್, ಲಸಿಕೆ, ಮೊಬೈಲು ಎಲ್ಲ ಇದರಲ್ಲೇ ಬರುತ್ತವೆ.

ಇನ್ನು ಹೂವಿನ ಬಾಡಿಗೆ. ಅದು ಸ್ವಲ್ಪವಾದರೂ ಕೈಗೆಟುಕುವುದಕ್ಕೆ ಒಂದು ಕಾರಣ ಪ್ರಯಾಣಿಕರು. ಲೋಕದ ವಿಮಾನ ಸರಕಿನಲ್ಲಿ ಹತ್ತಿರ ಹತ್ತಿರ ಅರ್ಧ ಹೋಗುವುದು ಜನ ಕೂತ ವಿಮಾನದಲ್ಲೇ, ಸೀಟುಗಳ ಕೆಳಗೆ. ವಿಮಾನ ಹೇಗೂ ಹಾರಬೇಕು, ಟಿಕೆಟ್ಟಿನ ದುಡ್ಡು ಹೇಗೂ ಬಂದಿದೆ, ಕೆಳಗಿನ ಜಾಗ ಸುಮ್ನೆ ಖಾಲಿ ಹೋಗುವ ಬದಲು ಸಿಕ್ಕಷ್ಟು ಸಿಗಲಿ ಅಂತ ಕಂಪನಿಯವರು ರೇಟು ಇಳಿಸುತ್ತಾರೆ. 2020ರಲ್ಲಿ ಕೊರೊನಾದಿಂದ ಜನ ಓಡಾಡುವುದು ನಿಂತಾಗ ಆ ಜಾಗವೂ ಹೋಯಿತು, ಸರಕಿನ ರೇಟು ಗಗನಕ್ಕೇರಿತು. ಸೀಟು ಕಿತ್ತು ಮಾಸ್ಕ್ ಡಬ್ಬಗಳನ್ನು ತುಂಬಿಕೊಂಡು ಹಾರಿದ ವಿಮಾನಗಳ ಫೋಟೋ ನೀವೂ ನೋಡಿರಬೇಕು, ಅಲ್ವಾ?

ಹಾಗಂತ ಹಡಗಿಗೆ ಹೋಗೋಣವೆಂದರೆ ಅದೂ ಸುಲಭವಲ್ಲ. ಕೀನ್ಯಾದವರು ಈಗ ತಂಪು ಕಂಟೇನರಿನಲ್ಲಿ ಹೂವು ಕಳಿಸಿ ನೋಡುತ್ತಿದ್ದಾರೆ, ಖರ್ಚು ಕಡಿಮೆ. ಆದರೆ 2023ರ ಕೊನೆಯಿಂದ ಯುರೋಪಿಗೆ ಹೋಗುವ ದಾರಿಯಲ್ಲಿರುವ ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ದಾಳಿಯಾಗಿ, ಬಹಳಷ್ಟು ಹಡಗುಗಳು ಆಫ್ರಿಕಾದ ತುದಿ ಬಳಸಿಕೊಂಡು ಹೋಗಬೇಕಾಯಿತು. ಹೂವಿಗೆ ಅಷ್ಟು ದಿನ ಕಾಯಲು ಆಗುತ್ತದಾ?

ನಿಮ್ಮವರು ಗಮನಿಸಬೇಕಾದ್ದು ಡಬ್ಬದ ಅಳತೆ. ವಿಮಾನದಲ್ಲಿ ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ 6000ದಿಂದ ಭಾಗಿಸುತ್ತಾರೆ. ಆ ಲೆಕ್ಕ ನಿಜವಾದ ತೂಕಕ್ಕಿಂತ ಜಾಸ್ತಿ ಬಂದರೆ ಬಾಡಿಗೆ ಅದಕ್ಕೇ. 100 × 60 × 40 ಅಳತೆಯ ಡಬ್ಬದಲ್ಲಿ 20 ಕಿಲೋ ಹೂವಿದ್ದರೂ ಬಿಲ್ಲು 40 ಕಿಲೋಗೆ! ಎಷ್ಟೋ ಸಲ ಲಾಭ ಸೋರಿ ಹೋಗುವುದು ಇಲ್ಲೇ. ಏಜೆಂಟರ ಹತ್ತಿರ ಕಿಲೋಗೆ ಎಷ್ಟು ಅಂತ ಕೇಳಿದರೆ ಸಾಲದು, ನಿಮ್ಮ ಡಬ್ಬದ ಅಳತೆ ಕೊಟ್ಟು ಅದನ್ನು ಎಷ್ಟು ಕಿಲೋ ಅಂತ ಹಿಡಿಯುತ್ತಾರೆ ಅಂತಲೂ ಕೇಳಿ.