ಪಂಚಾಯ್ತಿ ಪ್ರಶ್ನೋತ್ತರ: ಸಭೆಯಲ್ಲಿ ಕೇಳಿದ್ದು ನಡಾವಳಿಗೆ ಬಂತೇ?

ಪ್ರಶ್ನೆ: ನಮ್ಮ ಓಣಿ ಎತ್ತರದಲ್ಲಿದೆ, ಸುಮಾರು ಮೂವತ್ತು ಮನೆಗೆ ನಳದ ನೀರು ಏರೋದೇ ಇಲ್ಲ. ಹುಡುಗರೆಲ್ಲ ಸೇರಿ ಗ್ರಾಮಸಭೆಯಲ್ಲಿ ಎದ್ದು ಕೇಳಿದೆವು. ‘ಮಾಡೋಣ’ ಅಂದರು, ವರ್ಷವಾಯಿತು. ಎಲ್ಲಿ ತಪ್ಪಿತು?
(ಅಫಜಲಪುರ ತಾಲ್ಲೂಕಿನ ಓದುಗರು)

ಉತ್ತರ: ವಾರ್ಡ್ ಸಭೆ (ನಿಮ್ಮ ವಾರ್ಡಿನ ಮತದಾರರ ಸಭೆ) ಬಿಟ್ಟು ನೇರ ಗ್ರಾಮಸಭೆಗೆ ಹೋದಿರಿ ಅನಿಸುತ್ತದೆ. ಬೇಡಿಕೆ ಹುಟ್ಟಬೇಕಾದದ್ದು ವಾರ್ಡ್ ಸಭೆಯಲ್ಲಿ. ಕಾಯ್ದೆಯಂತೆ ಅದು ಆರು ತಿಂಗಳಿಗೊಮ್ಮೆಯಾದರೂ ಸೇರಬೇಕು. ಅಲ್ಲಿಂದ ಬಂದ ಪಟ್ಟಿಯಲ್ಲಿ ಯಾವ ಕೆಲಸ ಮೊದಲು ಅಂತ ಗ್ರಾಮಸಭೆ ಗೊತ್ತುಮಾಡುತ್ತದೆ. ಎಷ್ಟೋ ಊರಲ್ಲಿ ವಾರ್ಡ್ ಸಭೆ ಕಾಗದದ ಮೇಲಷ್ಟೇ ನಡೆದು, ಸಹಿಗೆಂದು ಪುಸ್ತಕ ಮನೆಬಾಗಿಲಿಗೆ ಬರುತ್ತದೆ. ಓದದೆ ಸಹಿ ಹಾಕಬೇಡಿ.

ಬಾಯಲ್ಲಿ ಹೇಳಿದ್ದು ನಡಾವಳಿ ಪುಸ್ತಕದಲ್ಲಿ (ಸಭೆಯ ಕಲಾಪ ಬರೆಯುವ ಪುಸ್ತಕ) ಠರಾವಾಗಿ, ಅಂದರೆ ನಿರ್ಣಯವಾಗಿ, ಬರೆಯದಿದ್ದರೆ ಕೇಳಿದಂತೆಯೇ ಅಲ್ಲ. ಹಾಗಾಗಿ ಅರ್ಜಿ ಬರೆದೊಯ್ಯಿರಿ, ಒಂದು ಕಾಗದದಲ್ಲಿ ಒಂದೇ ಕೆಲಸ. ‘ನೀರು ಕೊಡಿ’ ಅಂತಷ್ಟೇ ಬರೆದರೆ ಇಂಜಿನಿಯರ್ ಎಸ್ಟಿಮೇಟ್ ಮಾಡಲಾರರು. ಯಾವ ಟ್ಯಾಂಕಿನಿಂದ ಯಾರ ಮನೆಯವರೆಗೆ, ಟೇಪ್ ಹಿಡಿದು ಅಳೆದರೆ ಎಷ್ಟು ಮೀಟರ್, ಎಷ್ಟು ಮನೆ, ಇವಿಷ್ಟೂ ಇರಲಿ. ಮೊದಲು ನೀರು ಬಿಡುವ ವಾಟರ್‌ಮನ್‌ನ ಹತ್ತಿರ ಮಾತಾಡಿ. ಈಗಿರುವ ಲೈನಿನ ತುದಿಯಲ್ಲೇ ಒತ್ತಡ ಇಲ್ಲದಿದ್ದರೆ ಅದಕ್ಕೇ ಇನ್ನೊಂದು ಪೈಪ್ ಜೋಡಿಸಿ ಪ್ರಯೋಜನವಿಲ್ಲ. ಕೆಳಗಿನ ಓಣಿಗೆ ವಾಲ್ವ್ ಹಾಕಿ ಪಾಳಿಯಲ್ಲಿ ಬಿಡಬೇಕು, ಇಲ್ಲವೇ ಟ್ಯಾಂಕಿನಿಂದ ಬೇರೆಯೇ ಲೈನ್ ಎಳೆಯಬೇಕು. ವಾಲ್ವ್ ಸಾಕು ಅಂದರೆ ಖರ್ಚು ಬಹಳ ಕಡಿಮೆ, ಕೆಲಸವೂ ಬೇಗ. ಅರ್ಜಿ ಎರಡು ಪ್ರತಿ ಇರಲಿ. ನಿಮ್ಮ ಪ್ರತಿಯ ಮೇಲೆ ಟಪಾಲು ನಂಬರ್, ತಾರೀಖು, ಸೀಲು ಹಾಕಿಸಿಕೊಳ್ಳಿ.

ಕಾಲವೂ ಮುಖ್ಯ. ಮುಂದಿನ ವರ್ಷದ ಅಭಿವೃದ್ಧಿ ಯೋಜನೆ ತಯಾರಾಗುವ ಅಭಿಯಾನ ಅಕ್ಟೋಬರ್ 2ರಿಂದ ಶುರು. ಯೋಜನೆಯಲ್ಲಿಲ್ಲದ ಕೆಲಸಕ್ಕೆ ಹಣಕಾಸು ಆಯೋಗದ ದುಡ್ಡು ಹಾಕಲು ಪಿಡಿಒಗೆ (ಪಂಚಾಯ್ತಿ ಅಭಿವೃದ್ಧಿ ಅಧಿಕಾರಿಗೆ) ಬರುವುದಿಲ್ಲ. ಮಾರ್ಚಿಯಲ್ಲಿ ಎದ್ದು ಕೇಳಿದವರು ಮತ್ತೊಂದು ವರ್ಷ ಕಾಯಬೇಕಾಗುವುದು ಇದಕ್ಕೇ. ನಿಮ್ಮಂಥ ಬೇಡಿಕೆಗೆ ಒಂದು ಅನುಕೂಲವಿತ್ತು: 2021–26ರ 15ನೇ ಹಣಕಾಸು ಆಯೋಗದ ಅನುದಾನದಲ್ಲಿ ಶೇ 30 ನೀರಿಗೆ, ಶೇ 30 ನೈರ್ಮಲ್ಯಕ್ಕೆ ಮೀಸಲಿಟ್ಟಿದ್ದರು. ಸಿಸಿ ರಸ್ತೆಯಂಥವು ಉಳಿದ ಶೇ 40ರಲ್ಲಿ ಪೈಪೋಟಿ ಮಾಡಬೇಕಿತ್ತು. ಯೋಜನೆಯಲ್ಲಿ ಏನು ಸೇರಿದೆ ಎಂಬುದನ್ನು ಇ-ಗ್ರಾಮ್‌ಸ್ವರಾಜ್ ಜಾಲತಾಣದಲ್ಲಿ ಯಾರು ಬೇಕಾದರೂ ತೆಗೆದು ನೋಡಬಹುದು.

ನಡಾವಳಿ ತೋರಿಸದಿದ್ದರೆ ಮಾಹಿತಿ ಹಕ್ಕಿನಲ್ಲಿ ಕೇಳಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದದೊಳಗೆ. ‘ಯಾಕೆ ಮಾಡಿಲ್ಲ’ ಅಂತ ಕೇಳಬೇಡಿ, ಅದು ವಾದವಾಗುತ್ತದೆ. ‘ಇಂಥ ತಾರೀಖಿನ ಸಭೆಯ ನಡಾವಳಿಯ ಪ್ರತಿ ಕೊಡಿ’ ಅನ್ನಿ.

ಪ್ರಶ್ನೆ: ನನಗೀಗ 22. ನಮ್ಮ ವಾರ್ಡ್ ಮಹಿಳೆಗೆ ಮೀಸಲಾದರೆ ಪಕ್ಕದ ವಾರ್ಡಿನಲ್ಲಿ ನಿಲ್ಲಬಹುದೇ?
(ಭಾಲ್ಕಿಯ ಓದುಗರು)

ಉತ್ತರ: ನಿಲ್ಲಬಹುದು. 21 ತುಂಬಿರಬೇಕು, ಅದೇ ಪಂಚಾಯ್ತಿಯ ಮತದಾರರ ಪಟ್ಟಿಯಲ್ಲಿ ಎಲ್ಲಿಯಾದರೂ ಹೆಸರಿರಬೇಕು. ಸೂಚಕರು (ನಾಮಪತ್ರದಲ್ಲಿ ನಿಮ್ಮ ಹೆಸರು ಸೂಚಿಸಿ ಸಹಿ ಹಾಕುವವರು) ಮಾತ್ರ ನೀವು ನಿಲ್ಲುವ ವಾರ್ಡಿನ ಮತದಾರರೇ ಆಗಿರಬೇಕು. ಗಡಿಬಿಡಿಯಲ್ಲಿ ಬೇರೆ ವಾರ್ಡಿನ ಗೆಳೆಯನ ಸಹಿ ಹಾಕಿಸಿ ನಾಮಪತ್ರ ಕಳಕೊಳ್ಳುವುದು ಇಲ್ಲೇ. ಮೀಸಲು ಸ್ಥಾನವಾದರೆ ಜಾತಿ ಪ್ರಮಾಣಪತ್ರವನ್ನು ಅಧಿಸೂಚನೆಗೆ ಮೊದಲೇ ತೆಗೆಸಿಡಿ. 2020ರಲ್ಲಿ ಠೇವಣಿ ಸಾಮಾನ್ಯರಿಗೆ 200 ರೂಪಾಯಿ, ಮಹಿಳೆಯರಿಗೆ ಮತ್ತು ಪರಿಶಿಷ್ಟರಿಗೆ 100 ಇತ್ತು. ಗ್ರಾಮ ಪಂಚಾಯ್ತಿಗೆ ಪಕ್ಷದ ಚಿಹ್ನೆ ಇಲ್ಲ, ಟಿಕೆಟ್‌ಗಾಗಿ ಯಾರ ಮನೆಗೂ ಅಲೆಯಬೇಕಿಲ್ಲ. ಇನ್ನು, ಅಕ್ಕನನ್ನೋ ಅವ್ವನನ್ನೋ ನಿಲ್ಲಿಸಿ ತಾನು ಕಾರುಬಾರು ಮಾಡುವ ಯೋಚನೆ ಇದ್ದರೆ ಬಿಡಿ. ಸಭೆಯಲ್ಲಿ ಕೂರುವ ಹಕ್ಕು ಗೆದ್ದವರದ್ದು.

ಪ್ರಶ್ನೆ: ನಮ್ಮ ತಾಂಡಾದ ಹುಡುಗರು ದುಡಿಯಲು ಪುಣೆಗೆ ಹೋಗಿದ್ದಾರೆ. ಮತದಾರರ ಪಟ್ಟಿಯಿಂದ ಹೆಸರು ತೆಗೆಯುತ್ತೇವೆ ಅನ್ನುತ್ತಿದ್ದಾರೆ.
(ಯಾದಗಿರಿ ಜಿಲ್ಲೆಯ ಓದುಗರು)

ಉತ್ತರ: ತಾತ್ಕಾಲಿಕವಾಗಿ ಊರು ಬಿಟ್ಟ ಮಾತ್ರಕ್ಕೆ ಹೆಸರು ಹೋಗಬಾರದು. ಮನೆಗೆ ಬಿಎಲ್‌ಒ (ಮತಗಟ್ಟೆ ಮಟ್ಟದ ಅಧಿಕಾರಿ) ಬಂದಾಗ ‘ಇಲ್ಲಿಲ್ಲ’ ಎಂದು ಹೇಳಿಬಿಡುವುದರಿಂದಲೇ ತೊಂದರೆ. ‘ದುಡಿಯಲು ಹೋಗಿದ್ದಾರೆ, ಬರುತ್ತಾರೆ’ ಎಂದು ಹೇಳಲು ಮನೆಯವರಿಗೆ ತಿಳಿಸಿ. ಕರಡು ಪಟ್ಟಿ ಬಂದ ವಾರದಲ್ಲೇ ನೋಡಿ. ಹೆಸರು ಬಿಟ್ಟುಹೋಗಿದ್ದರೆ ನಮೂನೆ 6 (ಹೆಸರು ಸೇರಿಸುವ ಅರ್ಜಿ) ಕೊಡಬೇಕು. 17 ತುಂಬಿದವರೂ ಅದನ್ನೇ ಮುಂಗಡವಾಗಿ ಕೊಡಬಹುದು. ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ಒಂದನೇ ತಾರೀಖುಗಳಲ್ಲಿ 18 ತುಂಬುವ ಲೆಕ್ಕ. ಪುಣೆಯಲ್ಲೂ ಊರಲ್ಲೂ ಎರಡು ಕಡೆ ಹೆಸರಿಟ್ಟುಕೊಳ್ಳುವುದು ಅಪರಾಧ.