ಬೇವಿನ ಟೊಂಗೆಯೂ ಕಟ್ಟುತ್ತೇವೆ, ಸೂಜಿಯೂ ಮಾಡಿಸುತ್ತೇವೆ

ತುಮಕೂರಿನಿಂದ ವರ್ಗವಾಗಿ ಬೀದರ್ ಜಿಲ್ಲೆಯ ನಮ್ಮ ಔರಾದ್ ಕಡೆ ಬರುತ್ತಿದ್ದೀರಿ, ಒಂದೂವರೆ ವರ್ಷದ ಮಗು ಇದೆ. "ಅಲ್ಲಿನ ಜನ ಮಕ್ಕಳಿಗೆ ಲಸಿಕೆ ಹಾಕಿಸ್ತಾರಾ, ಇಲ್ಲಾ ದೇವರು ದಿಂಡರು ಅಂತ ಕೂತುಬಿಡ್ತಾರಾ?" ಅಂತ ಕೇಳಿದ್ದೀರಿ. ಬೇಜಾರೇನಿಲ್ಲ ಸರ್, ಬೀದರ್ ಅಂದ ಕೂಡಲೇ ಬರುವ ಪ್ರಶ್ನೆ ಇದು. ನಾವು ಎರಡೂ ಮಾಡುತ್ತೇವೆ. ಬಾಗಿಲಿಗೆ ಬೇವಿನ ಟೊಂಗೆ ಕಟ್ಟುತ್ತೇವೆ, ಗುರುವಾರ ಅಂಗನವಾಡಿಗೂ ಹೋಗುತ್ತೇವೆ. ನಮ್ಮಲ್ಲಿ ಲಸಿಕೆ ತಪ್ಪುವುದಕ್ಕೆ ದೇವಿಗಿಂತ ಬಸ್ಸಿನ ಪಾಲು ಜಾಸ್ತಿ. ಅದೇನು ಅಂತ ಮುಂದೆ ಹೇಳುತ್ತೇನೆ.

ಮೊದಲು ಬೇನೆಗಳ ವಿಷಯ. ನನ್ನ ವಾರಿಗೆಯವರು, ಅಂದರೆ ಈಗ ನಲವತ್ತೈದು ದಾಟಿದವರು, ದಡಾರ, ಸೀತಾಳೆ ಸಿಡುಬು, ಮಂಗನಬಾವು ಮೂರನ್ನೂ ಮುಗಿಸಿಕೊಂಡೇ ಶಾಲೆ ಬಿಟ್ಟವರು. ಮನೆಯಲ್ಲಿ ಒಬ್ಬರಿಗೆ ಎದ್ದರೆ ಉಳಿದ ಮಕ್ಕಳನ್ನು ಬೇಕಂತಲೇ ಪಕ್ಕದಲ್ಲಿ ಮಲಗಿಸುವ ಆಯಿಗಳಿದ್ದರು. "ಒಮ್ಮೆಗೇ ಎಲ್ಲಾರಿಗೂ ಆಗಿ ಹೋಗ್ಲಿ, ನಂದೂ ಕಾಟ ತಪ್ತದ" ಅನ್ನುತ್ತಿದ್ದರು. ದಡಾರಕ್ಕೆ ಇಲ್ಲಿ ಗೊಬ್ಬರ ಅನ್ನುವವರೇ ಜಾಸ್ತಿ, ಮರಾಠಿ ಮನೆಯವರು ಗೋವರ್ ಅನ್ನುತ್ತಾರೆ. ಪಕ್ಕದ ಮನೆಯವರು "ಕೂಸಿಗಿ ಗೊಬ್ಬರ ಎದ್ದಾವ್ರಿ" ಅಂದರೆ ಹೊಲದ ಕಡೆ ನೋಡಬೇಡಿ, ನಿಮ್ಮ ಮಗುವನ್ನು ಎತ್ತಿಕೊಂಡು ಮನೆಗೆ ಹೋಗಿ.

ಮೈಮೇಲೆ ಗುಳ್ಳೆ ಎದ್ದರೆ "ಅಮ್ಮ ಬಂದಾಳ" ಅನ್ನುವುದು ನಿಮ್ಮ ಕಡೆಯೂ ಇದೆ. ಇಲ್ಲಿ ಅದರ ಕಟ್ಟುಪಾಡು ಸ್ವಲ್ಪ ಜಾಸ್ತಿ. ಬಾಗಿಲಿಗೆ ಬೇವಿನ ಟೊಂಗೆ, ಹಾಸಿಗೆ ಕೆಳಗೆ ಬೇವಿನ ಎಲೆ. ಮನೆಯಲ್ಲಿ ಒಗ್ಗರಣೆ ಹಾಕುವಂತಿಲ್ಲ, ಬಾಡು ಬೇಯಿಸುವಂತಿಲ್ಲ, ಗಂಡಸರು ಗಡ್ಡ ಮಾಡಿಕೊಳ್ಳುವಂತಿಲ್ಲ. ಹೊರಗಿನವರು ಒಳಗೆ ಬರುವಂತಿಲ್ಲ, ಮಗು ಹೊರಗೆ ಹೋಗುವಂತಿಲ್ಲ. ಗುಳ್ಳೆ ಒಣಗಿದ ಮೇಲೆ ಬೇವಿನ ಎಲೆ ಹಾಕಿದ ನೀರಿನಲ್ಲಿ ಸ್ನಾನ. ಆಮೇಲೆ ಮರಗಮ್ಮನ ಗುಡಿಗೆ ಮೊಸರನ್ನದ ಎಡೆ. ತೆಲುಗು ಮನೆಯವರಾದರೆ ಪೋಚಮ್ಮನಿಗೆ ಕೊಡುತ್ತಾರೆ. ತಾಂಡಾಗಳಲ್ಲಿ ಲಂಬಾಣಿಗರು ಮಳೆಗಾಲದಲ್ಲಿ ಸೀತ್ಲಾ ಹಬ್ಬ ಮಾಡುತ್ತಾರೆ, ದನಕರು ಮತ್ತು ಮಕ್ಕಳು ಚೆನ್ನಾಗಿರಲಿ ಅಂತ. ಕಲಬುರಗಿಯಲ್ಲಿ ಖ್ವಾಜಾ ಬಂದಾ ನವಾಜ್ ದರ್ಗಾಕ್ಕೆ ಮಗುವನ್ನು ಕರೆದೊಯ್ದು ದಮ್ ಹಾಕಿಸುವವರಲ್ಲಿ (ದುವಾ ಓದಿ ಊದಿಸುವುದು) ಲಿಂಗಾಯತರ ಮನೆಯವರೂ ಇರುತ್ತಾರೆ. ಯಾರೂ ಯಾರನ್ನೂ ಕೇಳುವುದಿಲ್ಲ.

ಇದನ್ನೆಲ್ಲ ಮೂಢನಂಬಿಕೆ ಅಂತ ಒಂದೇ ಮಾತಿನಲ್ಲಿ ತಳ್ಳಿಹಾಕುವವರ ಜೊತೆ ನನಗೆ ಜಗಳ ಇದೆ. ಮಗುವನ್ನು ಮನೆಯೊಳಗೆ ಇಡುವುದು ಒಳ್ಳೆಯದೇ. ಸೀತಾಳೆ ಸಿಡುಬು ಗುಳ್ಳೆ ಏಳುವ ಒಂದೆರಡು ದಿನ ಮೊದಲೇ ಹರಡಲು ಶುರುವಾಗಿ, ಎಲ್ಲ ಗುಳ್ಳೆಗೂ ಹಕ್ಕಳೆ ಕಟ್ಟುವವರೆಗೂ ಹರಡುತ್ತದೆ. ಬೇವಿನ ಟೊಂಗೆ ಕಂಡರೆ ಊರವರು ಆ ಮನೆಗೆ ಕಾಲಿಡುವುದಿಲ್ಲ, ಬೋರ್ಡ್ ಹಾಕುವ ಖರ್ಚೂ ಉಳಿಯಿತು. ಆದರೆ ಊಟದ ಪಥ್ಯ ಮಾತ್ರ ನನಗೆ ಒಪ್ಪಿಗೆಯಿಲ್ಲ. ದಡಾರ ಆದ ಮಗುವಿಗೆ ಬರೀ ಗಂಜಿ ನೀರು ಕುಡಿಸಿ ಹತ್ತು ದಿನ ಇಡುತ್ತಾರೆ. ದಡಾರ ಮೊದಲೇ ಮೈ ಹಿಂಡುವ ಬೇನೆ. ಹಿಂದೆಯೇ ಭೇದಿ, ಕಿವಿ ಸೋರುವುದು, ನ್ಯುಮೋನಿಯಾ ಬರುತ್ತವೆ. ಎ ಜೀವಸತ್ವ ಕಡಿಮೆ ಇರುವ ಮಕ್ಕಳಿಗೆ ಕಣ್ಣೂ ಹೋಗಬಹುದು. ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ: ಬೇರೆ ರೋಗಗಳ ವಿರುದ್ಧ ಮೈ ಕಲಿತಿದ್ದನ್ನು ದಡಾರ ಸಾಕಷ್ಟು ಅಳಿಸಿಬಿಡಬಹುದು. ಗುಳ್ಳೆ ಹೋಯಿತು ಅಂತ ಎಡೆ ಕೊಟ್ಟು ಬಂದ ಮೇಲೂ ಆ ಮಗು ತಿಂಗಳುಗಟ್ಟಲೆ ಒಂದಿಲ್ಲೊಂದು ಜ್ವರದಲ್ಲಿ ನರಳುವುದು ಅದಕ್ಕೇ. ಅಂಥ ಮಗುವಿಗೆ ಅನ್ನ ಬೇಳೆ ಕೊಡಬೇಡ ಅನ್ನುವುದು ಯಾವ ದೇವಿಯೂ ಹೇಳಿರಲಾರಳು. ಕಾಮಾಲೆಗೆ, ಹೊಟ್ಟೆ ಉಬ್ಬಿದ್ದಕ್ಕೆ ಎಳೆ ಕೂಸಿಗೆ ಬರೆ ಎಳೆಯುವುದೂ ಈ ಸೀಮೆಯಲ್ಲಿ ಪೂರ್ತಿ ನಿಂತಿಲ್ಲ. ಅದನ್ನು ಕಂಡರೆ ಸುಮ್ನೆ ಇರಬೇಡಿ.

ಸಿಡುಬಿನ ಕಾಲ ನೋಡಿದವರು ಈಗ ಕಡಿಮೆ. ನಮ್ಮ ಮುತ್ಯಾನ, ಅಂದರೆ ಅಜ್ಜನ, ಮುಖದ ತುಂಬ ಕುಳಿ ಇದ್ದವು, ತೋಳಿನ ಮೇಲೆ ನಾಣ್ಯದಗಲದ ಎರಡು ಕಲೆಗಳೂ ಇದ್ದವು. ಸಿಡುಬಿನ ಸೂಜಿ ಹಾಕಿಸಿಕೊಂಡ ಗುರುತು ಅದು. ನಿಜಾಮರ ಕಾಲದಲ್ಲಿ ಊರಿಗೆ ಸೂಜಿಯವರು ಬಂದರೆ ಜನ ಜೋಳದ ಹೊಲ ಹೊಕ್ಕು ಅಡಗುತ್ತಿದ್ದರಂತೆ. ಭಾರತದಲ್ಲಿ ಸಿಡುಬಿನ ಕೊನೆಯ ಪ್ರಕರಣ ಕಂಡಿದ್ದು 1975ರಲ್ಲಿ. 1980ರಲ್ಲಿ ಇಡೀ ಜಗತ್ತಿನಿಂದಲೇ ಅದು ಹೋಯಿತು ಅಂತ ಘೋಷಣೆಯಾಯಿತು. ದೇವಿಯ ಗುಡಿ ಇನ್ನೂ ಇದೆ, ಜಾತ್ರೆಯೂ ನಡೆಯುತ್ತದೆ. ಮುಖದ ಮೇಲೆ ಕುಳಿ ಇರುವವರು ಮಾತ್ರ ಜಾತ್ರೆಯಲ್ಲಿ ಕಾಣುವುದಿಲ್ಲ.

ಪೋಲಿಯೋ ಕಥೆ ನಿಮಗೂ ಗೊತ್ತು, ಹೆಚ್ಚು ಹೇಳುವುದಿಲ್ಲ. ದೇಶದಾದ್ಯಂತ ಪಲ್ಸ್ ಪೋಲಿಯೋ ಶುರುವಾಗಿದ್ದು 1995ರಲ್ಲಿ, ದೇಶದ ಕೊನೆಯ ಪ್ರಕರಣ 2011ರ ಜನವರಿಯಲ್ಲಿ. ನನ್ನ ವಾರಿಗೆಯಲ್ಲಿ ಪ್ರತಿ ಊರಲ್ಲೂ ಕಾಲೆಳೆದು ನಡೆಯುವವರು ಒಬ್ಬಿಬ್ಬರಾದರೂ ಸಿಗುತ್ತಾರೆ, ನನ್ನ ಮಗಳ ವಾರಿಗೆಯಲ್ಲಿ ಒಬ್ಬರೂ ಇಲ್ಲ. ನಿಮ್ಮ ಬಾಡಿಗೆ ಮನೆಯ ಗೋಡೆ ಮೇಲೆ ಸೀಮೆಸುಣ್ಣದಲ್ಲಿ ಇಂಗ್ಲಿಷಿನ ಪಿ ಅಕ್ಷರ, ಬಾಣದ ಗುರುತು ಇದ್ದರೆ ಅಳಿಸಬೇಡಿ. ಆ ಮನೆಯ ಮಕ್ಕಳಿಗೆಲ್ಲ ಹನಿ ಹಾಕಿಯಾಗಿದೆ ಅಂತ ಅರ್ಥ. ಎಕ್ಸ್ ಇದ್ದರೆ ತಂಡ ಮತ್ತೆ ಬರುತ್ತದೆ.

ನನಗೆ ನಿಜವಾಗಿ ಹೆದರಿಕೆ ಹುಟ್ಟಿಸುವುದು ಗಂಟಲಮಾರಿ, ಅಂದರೆ ಡಿಫ್ತೀರಿಯಾ. ಬೆಂಗಳೂರಿನವರು ಅದನ್ನು ಪಠ್ಯಪುಸ್ತಕದ ರೋಗ ಅಂದುಕೊಂಡಿದ್ದಾರೆ. ನಮ್ಮ ಉತ್ತರ ಕರ್ನಾಟಕದಲ್ಲಿ ಅದು ಆಗಾಗ ತಲೆ ಎತ್ತುತ್ತಲೇ ಇದೆ. ಗಂಟಲಲ್ಲಿ ಬೂದು ಬಣ್ಣದ ಪೊರೆ ಕಟ್ಟುತ್ತದೆ, ಕುತ್ತಿಗೆ ಊದುತ್ತದೆ, ಉಸಿರು ಸಿಕ್ಕಿಹಾಕಿಕೊಳ್ಳುತ್ತದೆ. ಅದರ ವಿಷ ಹೃದಯಕ್ಕೂ ತಾಗುತ್ತದೆ, ಹಾಗಾಗಿ ಗಂಟಲು ವಾಸಿಯಾದ ಮೇಲೂ ಜೀವ ಹೋಗಬಹುದು. ವಿಷ ಇಳಿಸುವ ಮದ್ದು ಬೇಗ ಬೀಳಬೇಕು, ಅದು ಎಲ್ಲ ಕಡೆ ಸಿಗುವುದಿಲ್ಲ. ಬೀದರ್ ಕಡೆಯವರು ಹಿಂದಿನಿಂದಲೂ ಇಂಥದ್ದಕ್ಕೆ ಹೈದರಾಬಾದಿಗೆ ಓಡುತ್ತಿದ್ದರು. ನಲ್ಲಕುಂಟಾದ ಫೀವರ್ ಆಸ್ಪತ್ರೆಯನ್ನು ಹಳಬರು ಈಗಲೂ ಕೋರಂಟಿ (ಕ್ವಾರಂಟೈನ್) ದವಾಖಾನೆ ಅಂತಲೇ ಕರೆಯುತ್ತಾರೆ. ಸೊಳ್ಳೆಯಿಂದ ಮಲೇರಿಯಾ ಹರಡುತ್ತದೆ ಅಂತ 1897ರಲ್ಲಿ ಸಿಕಂದರಾಬಾದಿನಲ್ಲಿ ಕಂಡುಹಿಡಿದ ರೊನಾಲ್ಡ್ ರಾಸ್ ಹೆಸರು ಅದಕ್ಕಿದೆ.

ಗಂಟಲಮಾರಿ ಈಗ ಬರುತ್ತಿರುವುದು ಎಳೆ ಕೂಸುಗಳಿಗಿಂತ ಶಾಲೆಗೆ ಹೋಗುವ ಮಕ್ಕಳಿಗೆ ಜಾಸ್ತಿ. ಕಾರಣ ಸರಳ. ಆರು, ಹತ್ತು, ಹದಿನಾಲ್ಕು ವಾರಕ್ಕೆ ಹಾಕುವ ಪೆಂಟಾ ಸೂಜಿಯನ್ನು (ಗಂಟಲಮಾರಿಯೂ ಸೇರಿ ಐದು ರೋಗಕ್ಕೆ ಒಂದೇ ಸೂಜಿ) ತಾಯಂದಿರು ತಪ್ಪಿಸುವುದಿಲ್ಲ. ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯು ಮೂರಕ್ಕೂ ಒಂದೂವರೆ ವರ್ಷಕ್ಕೆ ಹಾಕುವ ಡಿಪಿಟಿ ಬೂಸ್ಟರ್ ಅರ್ಧ ಜನಕ್ಕೆ ಮರೆತುಹೋಗುತ್ತದೆ, ಐದು ವರ್ಷದ್ದಂತೂ ಕೇಳಲೇಬೇಡಿ. ಲಸಿಕೆ ಕೊಟ್ಟ ಬಲ ವರ್ಷ ಕಳೆದಂತೆ ಇಳಿಯುತ್ತದೆ, ಬೂಸ್ಟರ್ ಬೇಕಾಗುವುದು ಅದಕ್ಕೆ. ನೀವು ಮೇಷ್ಟ್ರು ಅಂತ ಹೇಳಿದ್ದೀರಲ್ವಾ, ಒಂದನೇ ಕ್ಲಾಸಿಗೆ ಸೇರಿಸಲು ಬಂದವರಿಗೆ ಐದು ವರ್ಷದ ಸೂಜಿ ಆಗಿದೆಯಾ ಅಂತ ಒಂದು ಮಾತು ಕೇಳಿ.

ಈಗ ಬಸ್ಸಿನ ವಿಷಯ. ಔರಾದ್ ತಾಲೂಕು ಅಂದರೆ ಒಂದು ಕಡೆ ಮಹಾರಾಷ್ಟ್ರ, ಇನ್ನೊಂದು ಕಡೆ ತೆಲಂಗಾಣ. ನಮ್ಮ ಹೆಣ್ಣುಮಕ್ಕಳು ಉದಗೀರ, ದೇಗಲೂರು, ನಾರಾಯಣಖೇಡ, ಜಹೀರಾಬಾದ್ ಕಡೆ ಸೊಸೆಯಾಗಿ ಹೋಗಿದ್ದಾರೆ, ಅಲ್ಲಿಯವರು ಇಲ್ಲಿಗೆ ಬಂದಿದ್ದಾರೆ. ಚೊಚ್ಚಲ ಹೆರಿಗೆ ತವರಲ್ಲಿ. ಹುಟ್ಟಿದ ದಿನದ ಬಿಸಿಜಿ (ಕ್ಷಯದ ಸೂಜಿ), ಪೋಲಿಯೋ ಹನಿ, ಹೆಪಟೈಟಿಸ್ ಬಿ ಆ ರಾಜ್ಯದಲ್ಲಿ. ಆರು ವಾರದ್ದೂ ಅಲ್ಲೇ. ಐದು ತಿಂಗಳಿಗೆ ತೊಟ್ಟಿಲು ಸಮೇತ ಗಂಡನ ಮನೆಗೆ ಬಂದಾಗ ಕಾರ್ಡ್ ತೆಲುಗಿನಲ್ಲೋ ಮರಾಠಿಯಲ್ಲೋ ಇರುತ್ತದೆ, ಅದೂ ತಂದಿದ್ದರೆ. ಅಂಗನವಾಡಿ ಕಟ್ಟೆ ಮೇಲೆ ಪ್ರತಿ ಗುರುವಾರ ಈ ಮಾತು ಕೇಳಿಸುತ್ತದೆ:

"ಯಕ್ಕಾ, ಕೂಸಿಂದು ಕಾರ್ಡ್ ಎಲ್ಲದ?"

"ತವರಾಗ ಉಳದಾದ್ರಿ."

"ಎಷ್ಟ್ ಸೂಜಿ ಆಗ್ಯಾವ?"

"ತೊಡಿಗಿ ಎರಡು ಆಗ್ಯಾವ್ರಿ... ಮೂರೋ ಏನೋ. ನಮ್ಮವ್ವಗ ಗೊತ್ತು."

ಆಗ ನರ್ಸಬಾಯಿ ಎಡ ತೋಳು ತಿರುಗಿಸಿ ಬಿಸಿಜಿ ಕಲೆ ಇದೆಯಾ ನೋಡುತ್ತಾಳೆ, ಆ ಅವ್ವನಿಗೇ ಫೋನ್ ಹಚ್ಚಿಸುತ್ತಾಳೆ, ಅರ್ಧ ತೆಲುಗು ಅರ್ಧ ಕನ್ನಡದಲ್ಲಿ ತಾರೀಖು ಕೇಳಿ ಬರೆದುಕೊಳ್ಳುತ್ತಾಳೆ. ಇದು ಯಾವ ತರಬೇತಿಯಲ್ಲೂ ಹೇಳಿಕೊಡುವ ಕೆಲಸ ಅಲ್ಲ.

ಗುಳೆ ಹೋಗುವವರದ್ದು ಇನ್ನೂ ಕಷ್ಟ. ಯಾದಗಿರಿ, ಕಲಬುರಗಿ ಕಡೆಯ ತಾಂಡಾಗಳಿಂದ ದೀಪಾವಳಿ ಹೊತ್ತಿಗೆ ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ, ಕಟ್ಟಡದ ಕೆಲಸಕ್ಕೆ ಪುಣೆ, ಮುಂಬೈ, ಹೈದರಾಬಾದಿಗೆ ಮನೆಮಂದಿಯೆಲ್ಲ ಹೋಗುತ್ತಾರೆ. ಒಂಬತ್ತು ತಿಂಗಳಿಗೆ ಬರಬೇಕಾದ ದಡಾರ-ರುಬೆಲ್ಲಾ ಸೂಜಿ ಕಬ್ಬಿನ ಗದ್ದೆಯಲ್ಲಿ ಯಾರು ಹಾಕಬೇಕು? ವಾಪಸ್ ಬಂದಾಗ ಮಗು ನಡೆಯುತ್ತಿರುತ್ತದೆ. ಲಸಿಕೆ ತಪ್ಪಿದ ಮಕ್ಕಳನ್ನು ಹುಡುಕಿ ಹಾಕುವ ಕೇಂದ್ರದ ಮಿಷನ್ ಇಂದ್ರಧನುಷ್ 2014ರ ಕೊನೆಯಲ್ಲಿ ಶುರುವಾದಾಗ ಮೊದಲ ಸುತ್ತಿನ ಜಿಲ್ಲೆಗಳಲ್ಲಿ ಕಲಬುರಗಿ, ಯಾದಗಿರಿ ಎರಡೂ ಇದ್ದವು. ಸುಮ್ನೆ ಸೇರಿಸಿದ್ದಲ್ಲ ಅದು.

2017ರ ದಡಾರ-ರುಬೆಲ್ಲಾ ಅಭಿಯಾನ ನೆನಪಿದೆಯಾ? ಒಂಬತ್ತು ತಿಂಗಳಿಂದ ಹದಿನೈದು ವರ್ಷದ ಎಲ್ಲ ಮಕ್ಕಳಿಗೂ ಹಾಕಿದ್ದು. ಕರ್ನಾಟಕದಲ್ಲಿ ಫೆಬ್ರವರಿಯಲ್ಲಿ ಆಯಿತು. ತೆಲಂಗಾಣದಲ್ಲಿ ಅದೇ ವರ್ಷದ ಆಗಸ್ಟ್‌ನಲ್ಲಿ. ಮಹಾರಾಷ್ಟ್ರದಲ್ಲಿ 2018ರ ನವೆಂಬರ್‌ನಲ್ಲಿ. ಒಂದೇ ಅಜ್ಜಿಯ ಮೊಮ್ಮಕ್ಕಳಿಗೆ ಮೂರು ಸಲ, ಮೂರು ಊರಲ್ಲಿ. ಪ್ರತಿ ಸಲವೂ ಮೊಬೈಲಿನಲ್ಲಿ ಅದೇ ಸುಳ್ಳು ಸುತ್ತಾಡಿತು, ಮುಂದೆ ಮಕ್ಕಳಾಗುವುದಿಲ್ಲ ಅಂತ. ಕನ್ನಡದಲ್ಲಿ ಬಂದ ಸುಳ್ಳಿಗೆ ಒಬ್ಬರು ಉತ್ತರ ಕೊಟ್ಟು ಮುಗಿಸುವಷ್ಟರಲ್ಲಿ ಉರ್ದುವಿನಲ್ಲಿ ಬರುತ್ತಿತ್ತು, ಆಮೇಲೆ ಮರಾಠಿಯಲ್ಲಿ. ಆಗ ಒಬ್ಬ ಆಶಾ ಕಾರ್ಯಕರ್ತೆ ತನ್ನ ಮಗಳನ್ನೇ ಸಾಲಿನ ಮುಂದೆ ನಿಲ್ಲಿಸಿ ಮೊದಲ ಸೂಜಿ ಹಾಕಿಸಿದಳು. ಆಮೇಲೆ ಸಾಲಿನಲ್ಲಿದ್ದವರೆಲ್ಲ ತಾವಾಗೇ ಹಾಕಿಸಿಕೊಂಡರು.

ಲಸಿಕೆ ದಿನ ಹೇಗಿರುತ್ತದೆ ಅಂತಲೂ ಕೇಳಿದ್ದಿರಿ. ನರ್ಸಬಾಯಿ ನೀಲಿ ಡಬ್ಬಿ ಹೆಗಲಿಗೆ ಹಾಕಿಕೊಂಡು ಬರುತ್ತಾಳೆ. ಒಳಗೆ ನಾಲ್ಕು ಐಸ್ ಪ್ಯಾಕ್, ನಡುವೆ ಬಾಟಲಿಗಳು. ಬೇಸಿಗೆಯಲ್ಲಿ ನಮ್ಮಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ, ಲಸಿಕೆಗೆ ಬೇಕಾದ್ದು 2ರಿಂದ 8 ಡಿಗ್ರಿ. ಅದಕ್ಕೇ ಡಬ್ಬಿ ಮುಚ್ಚಳ ಪದೇ ಪದೇ ತೆಗೆದರೆ ಆಕೆಗೆ ಸಿಟ್ಟು ಬರುತ್ತದೆ. ದಡಾರ-ರುಬೆಲ್ಲಾ ಪುಡಿ ರೂಪದಲ್ಲಿರುತ್ತದೆ, ನೀರು ಬೆರೆಸಿದ ಮೇಲೆ ನಾಲ್ಕು ಗಂಟೆಯೊಳಗೆ ಮುಗಿಯಬೇಕು, ಉಳಿದಿದ್ದು ಚೆಲ್ಲಬೇಕು. ಹಾಗಾಗಿ ಮಧ್ಯಾಹ್ನ ತಡವಾಗಿ ಹೋದರೆ "ಮುಂದಿನ ವಾರ ಬರ್ರಿ" ಅನ್ನಿಸಿಕೊಳ್ಳುತ್ತೀರಿ. ಬೆಳಗ್ಗೆಯೇ ಹೋಗಿ, ಸೂಜಿ ಆದ ಮೇಲೆ ಅರ್ಧ ಗಂಟೆ ಅಲ್ಲೇ ಕೂರಿ. ಡಿಪಿಟಿ ಆದ ರಾತ್ರಿ ಜ್ವರ ಬರಬಹುದು, ತೊಡೆ ಕೆಂಪಾಗಬಹುದು. ಜ್ವರದ ಔಷಧಿ ಎಷ್ಟು ಹನಿ ಅಂತ ಅವಳನ್ನೇ ಕೇಳಿಕೊಳ್ಳಿ. ಸೂಜಿ ಚುಚ್ಚಿದ ಜಾಗಕ್ಕೆ ಎಣ್ಣೆ, ಅರಿಶಿನ ಏನೂ ಹಚ್ಚಬೇಡಿ, ಪಕ್ಕದ ಮನೆ ಆಯಿ ಎಷ್ಟೇ ಪ್ರೀತಿಯಿಂದ ಹೇಳಲಿ.

ನಿಮ್ಮ ಮಗುವಿಗೆ ಈಗ ಒಂದೂವರೆ ವರ್ಷ ಅಂದಿರಿ. ದಡಾರ-ರುಬೆಲ್ಲಾ ಎರಡನೇ ಡೋಸ್, ಡಿಪಿಟಿ ಬೂಸ್ಟರ್, ಪೋಲಿಯೋ ಬೂಸ್ಟರ್ ಹನಿ, ಎ ಜೀವಸತ್ವದ ಸಿರಪ್ ಇವು 16ರಿಂದ 24 ತಿಂಗಳ ನಡುವೆ ಆಗಬೇಕು. ತುಮಕೂರಿನಲ್ಲಿ ಆಗಿಲ್ಲದಿದ್ದರೆ ಇಲ್ಲೇ ಹಾಕಿಸಿ, ಎಲ್ಲ ಪುಕ್ಕಟೆ. ತಾಯಿ ಕಾರ್ಡನ್ನು ಸಾಮಾನಿನ ಲಾರಿಗೆ ಹಾಕದೆ ಕೈಚೀಲದಲ್ಲಿ ತನ್ನಿ, ಎರಡೂ ಬದಿ ಫೋಟೋ ತೆಗೆದು ಮೊಬೈಲಿನಲ್ಲಿಟ್ಟುಕೊಳ್ಳಿ. ಈಗ ಸರ್ಕಾರದ ಆನ್‌ಲೈನ್ ಲಸಿಕೆ ದಾಖಲೆಯಾದ ಯು-ವಿನ್‌ನಲ್ಲೂ ಹೆಸರು ಹಾಕುತ್ತಾರೆ, ಯಾವ ಮೊಬೈಲ್ ನಂಬರಿನಲ್ಲಿ ನೋಂದಾಯಿಸಿದ್ದೀರೋ ಅದನ್ನೇ ಇಲ್ಲಿಯೂ ಹೇಳಿ.

ಸೀತಾಳೆ ಸಿಡುಬು ಮತ್ತು ಮಂಗನಬಾವಿನ ಲಸಿಕೆ ಸರ್ಕಾರದ ಪಟ್ಟಿಯಲ್ಲಿಲ್ಲ. ಹಾಗಾಗಿಯೇ ಶಾಲೆಗಳಲ್ಲಿ ಈ ಎರಡೂ ಇನ್ನೂ ಸುತ್ತುತ್ತಿವೆ, ಮಂಗನಬಾವಿಗೆ ಅಂತ ಗದ್ದಕ್ಕೆ ನೀಲಿ ಬಳಿದುಕೊಂಡ ಹುಡುಗರು ನಿಮ್ಮ ಕ್ಲಾಸಿಗೂ ಬರುತ್ತಾರೆ. ನಿಮಗೆ ಸಣ್ಣವರಿದ್ದಾಗ ಸೀತಾಳೆ ಸಿಡುಬು ಆಗಿಲ್ಲದಿದ್ದರೆ ಡಾಕ್ಟರ ಹತ್ತಿರ ನಿಮ್ಮ ಬಗ್ಗೆಯೂ ಕೇಳಿ. ದೊಡ್ಡವರಿಗೆ ಬಂದರೆ ಅದು ಮಕ್ಕಳಿಗಿಂತ ಜೋರಾಗಿ ಕಾಡುತ್ತದೆ. ಆದವರಲ್ಲೂ ಅದೇ ವೈರಸ್ ನರದಲ್ಲಿ ಅಡಗಿ ಕೂತು ಮುದಿ ವಯಸ್ಸಿನಲ್ಲಿ ಸರ್ಪಸುತ್ತಾಗಿ ಏಳಬಹುದು. ಮಗುವಿಗೆ ಹಾಕಿಸುವುದಾದರೆ ಎರಡು ಡೋಸ್, ದುಡ್ಡು ಕೊಟ್ಟೇ ಹಾಕಿಸಬೇಕು. ಹಳ್ಳಿಯಲ್ಲಿ ಸಿಗುವುದಿಲ್ಲ, ಬೀದರ್ ಪೇಟೆಯ ಮಕ್ಕಳ ಡಾಕ್ಟರ ಹತ್ತಿರ ಹೋಗಬೇಕು. ಹೊರಡುವ ಮೊದಲು ಫೋನ್ ಮಾಡಿ ಸ್ಟಾಕ್ ಇದೆಯಾ ಕೇಳಿಕೊಳ್ಳಿ.