ನಿಂತ ಲಾರಿಗೆ ಕಾರು ಗುದ್ದಿದರೆ ಪರಿಹಾರ ಅರ್ಧವೇ?

ಪ್ರಶ್ನೆ: ನಾಲ್ಕು ತಿಂಗಳ ಹಿಂದೆ ದಾವಣಗೆರೆಯಲ್ಲಿ ಮದುವೆ ಮುಗಿಸಿಕೊಂಡು ತುಮಕೂರಿಗೆ ಮರಳುವಾಗ, ರಾತ್ರಿ ಹನ್ನೊಂದರ ಸುಮಾರಿಗೆ, ಶಿರಾ ದಾಟಿದ ಮೇಲೆ ಹೆದ್ದಾರಿಯಲ್ಲಿ ಕೆಟ್ಟು ನಿಂತಿದ್ದ ಲಾರಿಯ ಹಿಂಬದಿಗೆ ನಮ್ಮ ಕಾರು ಗುದ್ದಿತು. ಲಾರಿಗೆ ಹಿಂದಿನ ದೀಪವಾಗಲಿ, ಎಚ್ಚರಿಕೆಯ ತ್ರಿಕೋನ ಫಲಕವಾಗಲಿ ಇರಲಿಲ್ಲ. ಕಾರು ಓಡಿಸುತ್ತಿದ್ದ ನಮ್ಮ ಯಜಮಾನರ ಕಾಲು ಮುರಿದಿದೆ. ಪಕ್ಕದಲ್ಲಿದ್ದ ನನ್ನ ಬಲಗೈಗೆ ರಾಡ್ ಹಾಕಿದ್ದಾರೆ. ಪೊಲೀಸರು ಯಜಮಾನರ ಮೇಲೆಯೇ ಪ್ರಕರಣ ದಾಖಲಿಸಿದ್ದಾರೆ. ಲಾರಿಯ ವಿಮಾ ಕಂಪನಿಯವರು ಅರ್ಧ ತಪ್ಪು ನಮ್ಮದೇ ಆದ್ದರಿಂದ ಇಬ್ಬರಿಗೂ ಅರ್ಧ ಪರಿಹಾರವೇ ಸಿಗುವುದು ಎನ್ನುತ್ತಾರೆ. ಇದು ಸರಿಯೇ?
– ಓದುಗರು, ತುಮಕೂರು

ಉತ್ತರ: ನಿಮ್ಮ ಮಟ್ಟಿಗೆ ಸರಿಯಲ್ಲ, ನಿಮ್ಮ ಯಜಮಾನರ ಮಟ್ಟಿಗೂ ಅದು ಕಂಪನಿಯ ವಾದವಷ್ಟೇ, ತೀರ್ಮಾನವಲ್ಲ. ವಿಮಾ ಕಂಪನಿಯವರು ಎರಡು ಬೇರೆ ಬೇರೆ ಹಕ್ಕುಗಳನ್ನು ಒಂದೇ ಗಂಟಿನಲ್ಲಿ ಕಟ್ಟುತ್ತಿದ್ದಾರೆ. ಮೊದಲು ಆ ಗಂಟನ್ನು ಬಿಚ್ಚಬೇಕು.

ಗಾಯಗೊಂಡ ವ್ಯಕ್ತಿಯ ಅಜಾಗರೂಕತೆಯೂ ಅಪಘಾತಕ್ಕೆ ಕಾರಣವಾಗಿದ್ದರೆ ಅದನ್ನು ಸಹಭಾಗಿ ನಿರ್ಲಕ್ಷ್ಯ ಎನ್ನುತ್ತಾರೆ. ಅಪಘಾತ ಪರಿಹಾರದ ಅರ್ಜಿಗಳನ್ನು ತೀರ್ಮಾನಿಸುವ ನ್ಯಾಯಮಂಡಳಿಯು ನಿಮ್ಮ ಯಜಮಾನರಿಗೆ ಒಟ್ಟು 8 ಲಕ್ಷ ರೂಪಾಯಿ ಪರಿಹಾರ ಲೆಕ್ಕ ಹಾಕಿ, ಅವರ ಪಾಲಿನ ತಪ್ಪು ಶೇ. 25 ಎಂದು ಕಂಡುಕೊಂಡರೆ, ಅವರ ಕೈಗೆ 6 ಲಕ್ಷ ಬರುತ್ತದೆ. ಆದರೆ ನೀವು ಸ್ಟೇರಿಂಗ್ ಹಿಡಿದವರಲ್ಲ. ಇಬ್ಬರು ಚಾಲಕರ ತಪ್ಪಿನಿಂದ ಮೂರನೆಯವರಿಗೆ ಪೆಟ್ಟಾದಾಗ ಅದು ಸಂಯುಕ್ತ ನಿರ್ಲಕ್ಷ್ಯವಾಗುತ್ತದೆ. ಅಂಥವರು ತಮ್ಮ ಪೂರ್ತಿ ಪರಿಹಾರವನ್ನು ತಪ್ಪಿತಸ್ಥರಲ್ಲಿ ಯಾರೊಬ್ಬರಿಂದಲಾದರೂ ವಸೂಲು ಮಾಡಬಹುದೆಂದು ಸುಪ್ರೀಂ ಕೋರ್ಟ್ 2015ರಲ್ಲಿ ಸ್ಪಷ್ಟಪಡಿಸಿದೆ. ಚಾಲಕನ ತಪ್ಪಿನ ಪಾಲನ್ನು ಕಾರಿನಲ್ಲಿದ್ದ ಇತರರ ತಲೆಗೆ ಕಟ್ಟಲಾಗದೆಂದು 2024ರಲ್ಲಿ ಅದೇ ನ್ಯಾಯಾಲಯ ಹೇಳಿದೆ. ಚಾಲಕ ನಿಮ್ಮ ಪತಿಯೇ ಆದ ಮಾತ್ರಕ್ಕೆ ಈ ನಿಯಮ ಬದಲಾಗುವುದಿಲ್ಲ. ನಿಮ್ಮ ಕಾರಿಗೆ ಮೂರನೇ ವ್ಯಕ್ತಿಯ ವಿಮೆ (ಕಾರಿನ ಹೊರಗಿನವರಿಗೆ ಆಗುವ ಹಾನಿ ತುಂಬುವ ಥರ್ಡ್ ಪಾರ್ಟಿ ವಿಮೆ) ಮಾತ್ರ ಇದ್ದರೆ ಒಳಗೆ ಕುಳಿತವರಿಗೆ ಸಾಮಾನ್ಯವಾಗಿ ಅದರಿಂದ ಹಣ ಸಿಗುವುದಿಲ್ಲವಾದ್ದರಿಂದ, ಲಾರಿಯ ಕಂಪನಿಯಿಂದಲೇ ಪೂರ್ತಿ ಕೇಳುವ ಈ ಹಕ್ಕು ನಿಮಗೆ ಬಹಳ ಮುಖ್ಯವಾದದ್ದು.

ಇನ್ನು ಯಜಮಾನರ ವಿಷಯ. ನಿಂತ ವಾಹನಕ್ಕೆ ಹಿಂದಿನಿಂದ ಗುದ್ದಿದವನದೇ ತಪ್ಪು ಎಂಬ ಮಾತು ಠಾಣೆಗಳಲ್ಲಿ ಬಲವಾಗಿದೆ. ಕಾನೂನು ಅಷ್ಟು ಸರಳವಾಗಿಲ್ಲ. ರಾತ್ರಿ ವೇಳೆ ದೀಪವಿಲ್ಲದೆ ರಸ್ತೆಯಲ್ಲಿ ನಿಲ್ಲಿಸಿದ್ದ ಗ್ಯಾಸ್ ಟ್ಯಾಂಕರಿಗೆ ಕಾರು ಗುದ್ದಿದ ಪ್ರಕರಣವೊಂದರಲ್ಲಿ, ತಪ್ಪನ್ನು ಅರ್ಧರ್ಧ ಹಂಚಿದ್ದ ಹೈಕೋರ್ಟ್ ತೀರ್ಪನ್ನು ಸುಪ್ರೀಂ ಕೋರ್ಟ್ 2018ರಲ್ಲಿ ತಳ್ಳಿಹಾಕಿ, ಪೂರ್ತಿ ಹೊಣೆಯನ್ನು ಟ್ಯಾಂಕರ್ ಚಾಲಕನ ಮೇಲೆ ಹೊರಿಸಿತು. ಆದರೆ ಅದೇ ವರ್ಷದ ಇನ್ನೊಂದು ಪ್ರಕರಣದಲ್ಲಿ, ಮುಂದೆ ಚಲಿಸುತ್ತಿದ್ದ ಟ್ರಕ್ಕಿನಿಂದ ಸಾಕಷ್ಟು ಅಂತರ ಕಾಯ್ದುಕೊಳ್ಳದ ಕಾರು ಚಾಲಕನ ತಪ್ಪನ್ನು ಅದು ಎತ್ತಿಹಿಡಿದಿದೆ. ಹಾಗಾಗಿ ಲಾರಿ ನಿಂತಿದ್ದು ರಸ್ತೆಯ ಮಧ್ಯದಲ್ಲೋ ಅಂಚಿನಲ್ಲೋ, ಅಲ್ಲಿ ಬೀದಿದೀಪ ಇತ್ತೋ ಇಲ್ಲವೋ, ಬ್ರೇಕ್ ಹಾಕಿದ ಗುರುತು ಎಷ್ಟು ಉದ್ದಕ್ಕಿದೆ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಸ್ಥಳ ಮಹಜರು (ಪೊಲೀಸರು ಸ್ಥಳ ಪರಿಶೀಲಿಸಿ ಬರೆದ ದಾಖಲೆ), ಅದರೊಂದಿಗಿನ ನಕ್ಷೆ ಮತ್ತು ಮೋಟಾರು ವಾಹನ ನಿರೀಕ್ಷಕರ ವರದಿಯ ಪ್ರತಿಗಳನ್ನು ಈಗಲೇ ಪಡೆಯಿರಿ. ನಿಮ್ಮವರ ತಪ್ಪನ್ನು ಸಾಕ್ಷ್ಯದ ಮೂಲಕ ಸಾಬೀತುಪಡಿಸುವ ಹೊರೆ ವಿಮಾ ಕಂಪನಿಯದು. ಲಾರಿ ಚಾಲಕನನ್ನು ಸಾಕ್ಷಿಕಟ್ಟೆಗೆ ಕರೆಯದೆ ಬರೀ ವಾದ ಮಾಡಿದರೆ ಅದಕ್ಕೆ ಹೆಚ್ಚು ತೂಕವಿರುವುದಿಲ್ಲ.

ಪೊಲೀಸ್ ಪ್ರಕರಣದ ಬಗ್ಗೆ ಒಂದು ಎಚ್ಚರಿಕೆ. ಎಫ್‌ಐಆರ್‌ನಲ್ಲಿ ಹೆಸರಿರುವುದು ನ್ಯಾಯಮಂಡಳಿಗೆ ಅಂತಿಮವಲ್ಲ. ಆದರೆ "ತಪ್ಪೊಪ್ಪಿಕೊಂಡು ದಂಡ ಕಟ್ಟಿ, ಅಲೆದಾಟ ತಪ್ಪುತ್ತದೆ" ಎಂದು ಯಾರಾದರೂ ಸಲಹೆ ಕೊಡುವುದುಂಟು. ಕೊಡುವವರಿಗೇನು, ಅವರದು ಅಂದಿನ ಕೆಲಸ ಮುಗಿಯುತ್ತದೆ. ಆ ಒಪ್ಪಿಗೆಯ ದೃಢೀಕೃತ ಪ್ರತಿಯನ್ನು ವಿಮಾ ಕಂಪನಿಯ ವಕೀಲರು ಪಾಟಿಸವಾಲಿನ ದಿನ ಯಜಮಾನರ ಮುಂದೆಯೇ ಹಿಡಿಯುತ್ತಾರೆ. ನಿಮ್ಮ ವಕೀಲರನ್ನು ಕೇಳದೆ ಅಂಥದ್ದಕ್ಕೆ ಸಹಿ ಹಾಕಬೇಡಿ. ಸೀಟ್ ಬೆಲ್ಟ್ ಹಾಕಿರಲಿಲ್ಲ ಎಂಬ ಮಾತೂ ಬರಬಹುದು. ನಿಯಮ ಮುರಿದದ್ದಕ್ಕೂ ಅಪಘಾತಕ್ಕೂ, ಇಲ್ಲವೇ ಗಾಯ ಹೆಚ್ಚಾದದ್ದಕ್ಕೂ ನೇರ ಸಂಬಂಧ ತೋರಿಸದೆ ಪರಿಹಾರ ಕಡಿತ ಮಾಡಲಾಗದೆಂಬುದು, ಬೈಕಿನಲ್ಲಿ ಮೂವರು ಹೋಗುತ್ತಿದ್ದ ಪ್ರಕರಣದಲ್ಲಿ 2020ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿದ ತತ್ವ.

ಮೋಟಾರು ವಾಹನ ಕಾಯ್ದೆಯ ಕಲಂ 166ರಡಿ ನೀವಿಬ್ಬರೂ ಪ್ರತ್ಯೇಕ ಅರ್ಜಿಗಳನ್ನು ಸಲ್ಲಿಸಿ. ವಾಸಸ್ಥಳದ ವ್ಯಾಪ್ತಿಯ ನ್ಯಾಯಮಂಡಳಿಯಲ್ಲೇ ಹಾಕಬಹುದಾದ್ದರಿಂದ ತುಮಕೂರೇ ಸಾಕು. 2022ರ ಏಪ್ರಿಲ್‌ನಿಂದ ಜಾರಿಗೆ ಬಂದ ತಿದ್ದುಪಡಿಯಂತೆ ಅಪಘಾತದ ದಿನದಿಂದ ಆರು ತಿಂಗಳೊಳಗೆ ಅರ್ಜಿ ಸಲ್ಲಿಸಬೇಕು. ನಿಮಗೆ ಉಳಿದಿರುವುದು ಎರಡೇ ತಿಂಗಳು. ಅಲ್ಲಿಯವರೆಗೆ ಕಂಪನಿಯವರು ಕಳುಹಿಸುವ ಯಾವ ರಾಜಿ ಪತ್ರಕ್ಕೂ ಇಬ್ಬರೂ ಒಟ್ಟಾಗಿ ಸಹಿ ಹಾಕಬೇಡಿ.